ಲಾಗಿನ್ ಪರದೆ ದಾಟಿ ನೇರ ಡೆಸ್ಕ್‌ಟಾಪ್‌ಗೆ: ನನ್ನ ಅನುಭವ

ನಾನೊಬ್ಬನೇ ಬಳಸುವ, ಮೇಜು ಬಿಟ್ಟು ಕದಲದ ವಿಂಡೋಸ್ 11 ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಪಿನ್ ಕೇಳುತ್ತಿದ್ದುದರಿಂದ, ಆ ಪರದೆಯನ್ನೇ ತಪ್ಪಿಸಲು ನಿರ್ಧರಿಸಿದೆ. (ಹೊರಗೆ ಒಯ್ಯುವ ಲ್ಯಾಪ್‌ಟಾಪ್ ಆಗಿದ್ದರೆ ಈ ಗೋಜಿಗೆ ಹೋಗುತ್ತಿರಲಿಲ್ಲ.) ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ ‘ನೆಟ್‌ಪಿಎಲ್‌ವಿಜ್’ (netplwiz) ಎಂಬ ಆಜ್ಞೆ ಕೊಟ್ಟರೆ ಬಳಕೆದಾರರ ಪಟ್ಟಿಯೇನೋ ತೆರೆಯಿತು, ಆದರೆ ಅದರ ಮೇಲ್ಭಾಗದಲ್ಲಿರಬೇಕಾದ, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕಡ್ಡಾಯವೆನ್ನುವ ಚೆಕ್‌ಬಾಕ್ಸ್ ಕಾಣಲಿಲ್ಲ. ಬಹಳ ಹುಡುಕಿದ ಮೇಲೆ ಕಾರಣ ತಿಳಿಯಿತು: ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದ ಸೈನ್-ಇನ್ ಆಯ್ಕೆಗಳಲ್ಲಿ, ವಿಂಡೋಸ್ ಹಲೋ (ಪಿನ್, ಮುಖ ಅಥವಾ ಬೆರಳಚ್ಚಿನಿಂದ ಒಳಹೋಗುವ ವ್ಯವಸ್ಥೆ) ಮೂಲಕ ಮಾತ್ರ ಪ್ರವೇಶ ನೀಡುವ ಸ್ವಿಚ್ ಆನ್ ಆಗಿತ್ತು. ಅದನ್ನು ಆಫ್ ಮಾಡಿ ಪಟ್ಟಿಯನ್ನು ಮತ್ತೆ ತೆರೆದಾಗ ಚೆಕ್‌ಬಾಕ್ಸ್ ಪ್ರತ್ಯಕ್ಷವಾಯಿತು.

ಟಿಕ್ ತೆಗೆದು ಅಪ್ಲೈ ಒತ್ತಿದಾಗ ಅದು ಪಾಸ್‌ವರ್ಡನ್ನು ಎರಡು ಸಲ ಕೇಳುತ್ತದೆ. ಅಭ್ಯಾಸಬಲದಿಂದ ನಾನು ನಾಲ್ಕಂಕಿಯ ಪಿನ್ ಟೈಪಿಸಿದೆ. ಅದು ಚಕಾರವೆತ್ತದೆ ಒಪ್ಪಿಕೊಂಡು, ರೀಸ್ಟಾರ್ಟ್ ಆದ ಬಳಿಕ ಪಾಸ್‌ವರ್ಡ್ ತಪ್ಪೆಂದಿತು. ಇಲ್ಲಿ ಬೇಕಾದದ್ದು ಮೈಕ್ರೋಸಾಫ್ಟ್ ಖಾತೆಯ ಪೂರ್ಣ ಪಾಸ್‌ವರ್ಡ್. ಅದನ್ನು ಕೊಟ್ಟ ನಂತರ ಕಂಪ್ಯೂಟರ್ ನೇರವಾಗಿ ಡೆಸ್ಕ್‌ಟಾಪ್‌ಗೆ ಬಂದಿತು.

ಸ್ಲೀಪ್‌ನಿಂದ ಎದ್ದಾಗ ಮಾತ್ರ ಲಾಗಿನ್ ಪರದೆ ಮತ್ತೆ ಬರುತ್ತಿತ್ತು. ಅದೇ ಸೈನ್-ಇನ್ ಆಯ್ಕೆಗಳಲ್ಲಿ, ಪುನಃ ಯಾವಾಗ ಪ್ರವೇಶ ಕೇಳಬೇಕೆಂಬಲ್ಲಿ ‘ನೆವರ್’ ಆರಿಸಿದ ಮೇಲೆ ಅದೂ ನಿಂತಿತು.