ಮೊದಲು ಬೆಳಕು, ಕೊನೆಗೆ ಹಡಗು

ಎಣ್ಣೆಬಣ್ಣದಲ್ಲಿ ಕಡಲಿನ ಚಿತ್ರಕ್ಕೆ ಕುಂಚ ಹಿಡಿದವರು ಮೊದಲು ಹಡಗನ್ನೇ ಬಿಡಿಸಲು ಹೊರಡುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಕೂವೆಮರ, ಹಾಯಿ, ಹಗ್ಗಗಳನ್ನೆಲ್ಲ ಅಚ್ಚುಕಟ್ಟಾಗಿ ಬರೆದು ಸುತ್ತಲೂ ನೀಲಿ ಬಳಿದೆ. ಹಡಗು ತೇಲಲಿಲ್ಲ, ಗೋಡೆಗೆ ಅಂಟಿಸಿದ ಚೀಟಿಯಂತೆ ಕಂಡಿತು.

ಭಾವಕ್ಕೂ ಪ್ರಕೃತಿಯ ಅಬ್ಬರಕ್ಕೂ ಮಣೆ ಹಾಕಿದ ರೊಮ್ಯಾಂಟಿಕ್ ಕಾಲದ ಚಿತ್ರಕಾರರ ಲೆಕ್ಕವೇ ಬೇರೆ. ಇಂಗ್ಲೆಂಡಿನ ಟರ್ನರ್ 1839ರಲ್ಲಿ ಪ್ರದರ್ಶಿಸಿದ ‘ದಿ ಫೈಟಿಂಗ್ ಟೆಮೆರೇರ್’ ನೋಡಿ. ಮುದಿ ಯುದ್ಧನೌಕೆಯನ್ನು ಒಡೆಯಲು ಎಳೆದೊಯ್ಯುತ್ತಿದ್ದಾರೆ. ಅದು ಎಡಬದಿಯಲ್ಲಿ ಭೂತದಂತೆ ಬಿಳಿಚಿಕೊಂಡಿದೆ. ಬಲಬದಿಯಲ್ಲಿ ಮುಳುಗುವ ಸೂರ್ಯನದೇ ದರ್ಬಾರು. ನಿಜವಾಗಿ ಅಷ್ಟು ಹೊತ್ತಿಗೆ ಕೂವೆಮರಗಳನ್ನು ಕಳಚಿಯಾಗಿತ್ತು. ಟರ್ನರ್ ಅವನ್ನು ಮತ್ತೆ ನಿಲ್ಲಿಸಿದ. ಫೋಟೊ ಎದುರಿಟ್ಟುಕೊಂಡು ಒದ್ದಾಡುವವರಿಗೆ ಇಷ್ಟು ಧೈರ್ಯ ಸಾಕು.

40x60 ಸೆಂ.ಮೀ. ಕ್ಯಾನ್ವಾಸಿಗೆ ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬಣ್ಣವನ್ನು, ಎಣ್ಣೆಬಣ್ಣ ತೆಳುಮಾಡುವ ಟರ್ಪೆಂಟೈನಿನಲ್ಲಿ ನೀರಾಗಿಸಿ ಬಳಿದು, ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಕೆಳಗಿನಿಂದ ಮೂರನೇ ಒಂದು ಭಾಗದಲ್ಲಿ ದಿಗಂತ ಎಳೆಯಿರಿ. ಇದಕ್ಕೆ ಅಳತೆಪಟ್ಟಿ ಬೇಕೇ ಬೇಕು. ಗೆರೆ ಓರೆಯಾದರೆ ಕಡಲು ಒಂದು ಕಡೆಗೆ ಸೋರಿಹೋಗುವಂತೆ ಕಾಣುತ್ತದೆ.

ಈಗ ಆಕಾಶ. ಸೂರ್ಯನಿರುವಲ್ಲಿ ಬಿಳಿಗೆ ಚಿಟಿಕೆಯಷ್ಟು ಕ್ಯಾಡ್ಮಿಯಂ ಹಳದಿ, ಸುತ್ತ ಯೆಲ್ಲೋ ಓಕರ್ ಎಂಬ ಮಣ್ಣುಹಳದಿ, ಆಚೆಗೆ ಮೋಡದ ಬೂದು. ಬೂದಿಗೆ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಅಂಬರ್ ಎಂಬ ಕಡುಗಂದು ಮತ್ತು ಬಿಳಿ ಸಾಕು. ಹಸಿಯಿರುವಾಗಲೇ ಒಣ ಕುಂಚದಿಂದ ಅಂಚುಗಳನ್ನು ಸವರಿ. ಅದೇ ಬಣ್ಣಗಳನ್ನು ಒಂದಿಷ್ಟು ಗಾಢವಾಗಿಸಿ ನೀರಿಗೂ ಇಳಿಸಿ.

ಅಲೆಯ ಬಳಿ ಅವಸರ ಬೇಡ. ಕ್ರಿಮಿಯಾದ ಫಿಯೊಡೋಸಿಯಾದಲ್ಲಿ ಹುಟ್ಟಿದ ಚಿತ್ರಕಾರ ಐವಜೋವ್‌ಸ್ಕಿ ಕಡಲನ್ನು ನೆನಪಿನಿಂದಲೇ ಬರೆಯುತ್ತಿದ್ದ. 1850ರ ಅವನ ‘ಒಂಬತ್ತನೆಯ ಅಲೆ’ಯಲ್ಲಿ ಬೆಳಕು ನೀರನ್ನು ತೂರಿಕೊಂಡು ಬರುತ್ತದೆ. ನೀವು ಒಂದೇ ಒಂದು ದೊಡ್ಡ ಅಲೆಯನ್ನು ಆರಿಸಿಕೊಳ್ಳಿ. ಬುಡಕ್ಕೆ ಅಲ್ಟ್ರಾಮರೀನ್, ವಿರಿಡಿಯನ್ ಎಂಬ ನೀಲಿಛಾಯೆಯ ಹಸಿರು, ಅಂಬರ್ ಬೆರೆಸಿದ ಕಡುಬಣ್ಣ. ಮೇಲೇರಿದಂತೆ ನೀರಿನ ಗೋಡೆ ತೆಳುವಾಗುತ್ತದೆ, ಅಲ್ಲಿ ವಿರಿಡಿಯನ್ ಜೊತೆ ಹಳದಿ ಮತ್ತು ಬಿಳಿ. ಕೆಲವು ದಿನ ಬಿಟ್ಟು, ಮುಟ್ಟಿದರೆ ಕೈಗಂಟದಷ್ಟು ಒಣಗಿದ ಮೇಲೆ, ಲಿನ್ಸೀಡ್ (ಅಗಸೆ) ಎಣ್ಣೆಯಲ್ಲಿ ತೆಳುವಾಗಿಸಿದ ವಿರಿಡಿಯನ್ನನ್ನು ಅಲೆಯ ನೆತ್ತಿಗೆ ಗಾಜಿನ ಪೊರೆಯಂತೆ ಹಚ್ಚಿ. ಒಳಗಿನಿಂದ ದೀಪ ಹೊತ್ತಿಕೊಂಡಂತಾಗುತ್ತದೆ. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆ ಹೆಚ್ಚಿರಬೇಕು. ತಿರುಗುಮುರುಗಾದರೆ ಬಣ್ಣ ಬಿರುಕು ಬಿಡುತ್ತದೆ. ನೊರೆಯೆಂದರೆ ಬರೀ ಬಿಳಿಯಲ್ಲ. ನೆರಳಿನ ನೊರೆ ನೀಲಿ ಬೂದು. ಬಿಸಿಲು ತಾಗಿದ ಅಂಚಿಗೆ ಮಾತ್ರ ಪ್ಯಾಲೆಟ್ ಚಾಕುವಿನಿಂದ ದಪ್ಪ ಬಿಳಿ.

ಇನ್ನು ಹಡಗು. ಹೆಬ್ಬೆರಳಿನಷ್ಟಿದ್ದರೆ ಸಾಕು, ಸೂರ್ಯನ ನೇರಕ್ಕಲ್ಲದೆ ತುಸು ಪಕ್ಕಕ್ಕೆ. ಒಡಲಿಗೆ ಮೋಡದ ಬೂದನ್ನೇ ಗಾಢವಾಗಿಸಿ ಬಳಸಿ. ನೀರು ತಾಗುವ ಅಂಚನ್ನು ಬೆರಳಿನಿಂದ ಅಳಿಸಿ, ಆಗ ತೇಲುತ್ತದೆ. ಹಾಯಿ ಉಬ್ಬಿದ ಕಡೆಗೇ ಬಾವುಟವೂ ಹಾರಬೇಕು. ಬಾವುಟ ಹಿಂದಕ್ಕೆ ಹಾರುವ ಹಾಯಿಹಡಗುಗಳನ್ನು ನೋಡಿ ನೋಡಿ ಸಾಕಾಗಿದೆ! ಹಗ್ಗಗಳಿಗೆ ಉದ್ದ ಕೂದಲಿನ ಸಣ್ಣ ಕುಂಚದಿಂದ ನಾಲ್ಕೈದು ಗೆರೆ ಎಳೆದರೆ ಉಳಿದದ್ದನ್ನು ನೋಡುವವರ ಕಣ್ಣೇ ಪೂರೈಸುತ್ತದೆ.

ವಾರ್ನಿಷ್ ಹಚ್ಚಲು ಆರು ತಿಂಗಳಾದರೂ ಕಾಯಿರಿ. ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.