ಜಾಗಟೆ ಕಲಿತದ್ದು ಎಡಗೈಯಿಂದ

ಬಾದಾಮಿ ತಾಲೂಕಿನ ನಮ್ಮೂರಿನ ಹನುಮಪ್ಪನ ಗುಡಿಯಲ್ಲಿ ಸಂಜೆ ಮಂಗಳಾರತಿಗೆ ಜಾಗಟೆ ಬಾರಿಸುವುದು 20 ವರ್ಷದಿಂದ ನನ್ನ ಕೆಲಸ. ಬಡಿದರೆ ಆಯ್ತು, ಅದರಲ್ಲಿ ಕಲಿಯೋದೇನು ಅಂತ ಬಹಳ ಮಂದಿ ಕೇಳುತ್ತಾರೆ. ಕಲಿಯುವುದು ಬೇಕಾದಷ್ಟಿದೆ.

ಮೊದಲ ದಿನ ನಾನು ಜಾಗಟೆಯ ಅಂಚನ್ನು ಅಂಗೈಗೆ ಒತ್ತಿ ಹಿಡಿದಿದ್ದೆ. ಜೋರಾಗಿ ಹೊಡೆದರೂ 'ಟಪ್' ಅಂತಷ್ಟೇ ಬಂತು. ಅಜ್ಜ ನನ್ನ ಬಲಗೈ ನೋಡಲೇ ಇಲ್ಲ. ಎಡಗೈ ಮುಟ್ಟಿ, "ತಮ್ಮಾ, ದಾರಾ ಅಷ್ಟ ಹಿಡಿ. ಜಾಗಟಿಗೆ ಕೈ ತಾಗಸಬ್ಯಾಡ" ಅಂದ. ಎರಡು ತೂತಿಗೆ ಪೋಣಿಸಿದ ದಾರವನ್ನು ಬೆರಳಿಗೆ ಸಿಕ್ಕಿಸಿ, ಮೈಯಿಂದ ಒಂದು ಗೇಣು ದೂರ ಹಿಡಿದೆ. ಅದೇ ಕಟ್ಟಿಗೆಯ ಕೊಡತಿ, ಅದೇ ಪೆಟ್ಟು. ಈ ಸಲ 'ಢಣ್' ಅಂದದ್ದು ಗುಡಿಯ ಕಟ್ಟೆ ದಾಟಿ ಹೋಯಿತು.

ನಡುವೆ ಹೊಡೆದರೆ ದನಿ ತುಂಬಿ ಬರುತ್ತದೆ. ಅಂಚಿನ ಹತ್ತಿರ ಹೊಡೆದರೆ ಕಿವಿಗೆ ಚುಚ್ಚುತ್ತದೆ. ನಾನು ನಡುವಿನಿಂದ ಎರಡು ಬೆರಳು ಕೆಳಗೆ ಹೊಡೆಯುತ್ತೇನೆ, ನಮ್ಮ ಜಾಗಟೆಗೆ ಅದೇ ಸರಿ. ಕೊಡತಿ ತಾಗಿದ ಕೂಡಲೇ ಹಿಂದೆ ಬರಬೇಕು, ಅಲ್ಲೇ ನಿಂತರೆ ನಾದ ಸತ್ತುಹೋಗುತ್ತದೆ. ನಿಲ್ಲಿಸಬೇಕಾದಾಗ ಹಿಂದಿನಿಂದ ಅಂಗೈ ಒತ್ತಿದರೆ ಸಾಕು.

ಒಂದು ವರ್ಷ ಬನದ ಹುಣ್ಣಿಮೆಗೆ ಬನಶಂಕರಿಗೆ ಹೋಗಿದ್ದೆವು. ಆ ಗದ್ದಲದಲ್ಲಿ ಕೊಡತಿ ಕಳೆಯಿತು. ನಾನು ಕಬ್ಬಿಣದ ಸರಳಿನ ತುಂಡಿನಿಂದಲೇ ಬಾರಿಸಿದೆ. ಮರುದಿನ ನೋಡಿದರೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಹೊಡೆದರೆ 'ಢಣ್' ಹೋಗಿ 'ಜರ್ರ್' ಅನ್ನುತ್ತಿತ್ತು. ಅಜ್ಜನ ಕಾಲದ ಜಾಗಟೆ ಅದು. ಆವತ್ತು ಊಟ ಸೇರಲಿಲ್ಲ.

ಒಳ್ಳೆಯ ನಾದದ ಕಂಚಿನಲ್ಲಿ 100ಕ್ಕೆ ಸುಮಾರು 78 ಭಾಗ ತಾಮ್ರ, 22 ಭಾಗ ತವರ. ತವರ ಇಷ್ಟು ಜಾಸ್ತಿ ಇರುವುದರಿಂದಲೇ ಅದು ಅಷ್ಟು ಹೊತ್ತು ಮೊಳಗುತ್ತದೆ. ಅದೇ ಕಾರಣಕ್ಕೆ ಬೇಗ ಸೀಳುತ್ತದೆ ಕೂಡ. ಕಂಚುಗಾರರು ಇದನ್ನು ಕೆಂಪಗೆ ಕಾಯಿಸಿಯೇ ಬಡಿಯುತ್ತಾರೆ. ತಣ್ಣಗಿದ್ದಾಗ ಅದರ ಮೇಲೆ ಕಬ್ಬಿಣ ಬೀಳಲೇಬಾರದು. ಬಿರುಕಿನ ತುದಿಗೆ ಸಣ್ಣ ತೂತು ಕೊರೆಸಿದೆ. ಬಿರುಕು ಮುಂದೆ ಓಡಲಿಲ್ಲ, ಆದರೆ ಹಳೆಯ ದನಿ ಮರಳಲಿಲ್ಲ. ಹೊಸದು ಕೊಳ್ಳುವಾಗ ಅಂಗಡಿಯಲ್ಲೇ ದಾರ ಕಟ್ಟಿ ಇಳಿಬಿಟ್ಟು, ಬೆರಳಿನ ಗೆಣ್ಣಿನಿಂದ ತಟ್ಟಿ, ನಾದ ಪೂರ್ತಿ ಆರುವ ತನಕ ಕೇಳಿ ಆರಿಸಿದೆ.

ಆಮೇಲೆ ಬೇರೆ ನಾಡಿನ ಜಾಗಟೆಗಳ ವಿಡಿಯೊ ಹುಡುಕಿ ನೋಡತೊಡಗಿದೆ. ಜಾವಾದ ಗಮೆಲಾನ್ ಮೇಳದಲ್ಲಿ ಗಾಂಗ್ ಅಗೆಂಗ್ ಅಂತ ದೊಡ್ಡದೊಂದಿದೆ. ಅದರ ನಡುವೆ ಬಟ್ಟಲು ಬೋರಲು ಹಾಕಿದಂಥ ಉಬ್ಬು. ಬಟ್ಟೆ ಸುತ್ತಿದ ಮೆತ್ತನೆಯ ಕೊಡತಿಯಿಂದ ಆ ಉಬ್ಬಿಗೇ ಹೊಡೆಯುತ್ತಾರೆ. ಒಂದು ಉದ್ದನೆಯ ಸುತ್ತು ಮುಗಿದಾಗ ಒಂದೇ ಪೆಟ್ಟು! ಅಷ್ಟು ಹೊತ್ತು ಕಾಯುವ ಆ ಕೈ ನೋಡಿ ನನಗೆ ಗೌರವ ಬಂತು. ಪಾಶ್ಚಾತ್ಯ ಆರ್ಕೆಸ್ಟ್ರಾಗಳಲ್ಲಿ ಬಾರಿಸುವ ದೊಡ್ಡ ಜಾಗಟೆಯಾದ ಟ್ಯಾಮ್-ಟ್ಯಾಮ್‌ಗೆ ಉಬ್ಬಿಲ್ಲ, ಅದು ಒಂದೇ ಸ್ವರಕ್ಕೆ ನಿಲ್ಲುವುದೂ ಇಲ್ಲ. ಅದನ್ನು ಬಾರಿಸುವವರು ದೊಡ್ಡ ಪೆಟ್ಟಿಗೆ ಮುಂಚೆ ಕೇಳಿಯೂ ಕೇಳದ ಹಾಗೆ ಮೆಲ್ಲಗೆ ತಟ್ಟಿ ಲೋಹವನ್ನು ಎಬ್ಬಿಸಿರುತ್ತಾರೆ. ನಾನೂ ಈಗ ಆರತಿಗೆ ಮುಂಚೆ ಬೆರಳಿನಿಂದ ಎರಡು ಸಲ ತಟ್ಟುತ್ತೇನೆ. ಮೊದಲ ಪೆಟ್ಟು ಒರಟಾಗಿ ಬರುವುದಿಲ್ಲ.

ಪಕ್ಕದ ಮನೆಯ ಹುಡುಗ ಕಲಿಯಲು ಬರುತ್ತಿದ್ದಾನೆ. ಅವನ ಕೈಗೆ ಕೊಡತಿ ಇನ್ನೂ ಕೊಟ್ಟಿಲ್ಲ. ಅವನು ಸುಮ್ನೆ ದಾರ ಹಿಡಿದು ನಿಲ್ಲುತ್ತಾನೆ, ನಾನು ಹೊಡೆಯುತ್ತೇನೆ.