ದಿನದ ಸಿಂಪಡಣೆ ಮುಗಿದ ಮೇಲೆ ಎಟಿ-802 ತೊಳೆಯುವುದು ಹೇಗೆ?

ಟೆಕ್ಸಸ್‌ನ ಓಲ್ನಿಯಲ್ಲಿ ತಯಾರಾಗುವ ಏರ್ ಟ್ರಾಕ್ಟರ್ ಎಟಿ-802 ಎಂಬ ಬೆಳೆ ಸಿಂಪಡಣೆ ವಿಮಾನಕ್ಕೆ ಇಂಜಿನ್ ಒಂದೇ, ಆದರೆ ಪೈಲಟ್ ಮುಂದಿರುವ ಸಿಂಪಡಣೆಯ ಟ್ಯಾಂಕ್ ಸುಮಾರು 3,000 ಲೀಟರ್ ಹಿಡಿಯುತ್ತದೆ. ಕೆಲಸ ಮುಗೀತು ಅಂತ ಸುಮ್ನೆ ನಿಲ್ಲಿಸಿ ಹೋಗಬೇಡಿ.

ಪಂಪು ಗಾಳಿಗೆ ತಿರುಗುವ ಫ್ಯಾನಿನಿಂದ ನಡೆಯುವಂಥದ್ದಾದರೆ, ಟ್ಯಾಂಕಿಗೆ ಶುದ್ಧ ನೀರು ಹಾಕಿಕೊಂಡು ಅದೇ ಹೊಲದ ಮೇಲೆ ಇನ್ನೊಂದು ಸುತ್ತು ಹಾರಿ, ಆಗ ಪೈಪು, ನಾಜಲ್ ಎಲ್ಲವೂ ಒಳಗಿನಿಂದ ತೊಳೆದುಹೋಗುತ್ತವೆ. ಇಳಿದ ಮೇಲೆ ಕೈಗವಸು ಹಾಕಿಕೊಂಡು ಹೊರಭಾಗ ತೊಳೆಯಿರಿ. ಹೊಟ್ಟೆಯ ಕೆಳಗೆ, ಬಾಲದ ಕಡೆಗೆ ಜಾಸ್ತಿ ಗಮನ ಕೊಡಿ. ಪಕ್ಕದ ತಗಡು ಬಿಚ್ಚಿ ಒಳಗೂ ನೋಡಲೇಬೇಕು, ಯಾಕೆಂದರೆ ಅಲ್ಲಿರುವುದು ಉಕ್ಕಿನ ಪೈಪಿನ ಚೌಕಟ್ಟು, ಗೊಬ್ಬರದ ಉಪ್ಪು ಕೂತರೆ ತುಕ್ಕು ಖಂಡಿತ. ಕೊನೆಗೆ ಕಟ್ಟಿಕೊಂಡ ನಾಜಲ್ ಇದ್ದರೆ ಇವತ್ತೇ ಬದಲಿಸಿ, ಬೆಳಗ್ಗೆ ಸಮಯ ಸಿಗುವುದಿಲ್ಲ.